ಮಾವನವರ ಹಳೆಯ ಎಲೆಕ್ಟ್ರಾನಿಕ್ ಆರ್ಗನ್ ಇಟ್ಟುಕೊಳ್ಳಬೇಕೇ, ಮಾರಬೇಕೇ?

ನೀವು ಕೇಳಿರುವುದು ಇಷ್ಟು: ಹುಮನಾಬಾದಿನಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಸೋದರಮಾವನವರು ತೀರಿಕೊಂಡ ಮೇಲೆ, ಕಾಲು ಬಿಚ್ಚಿ ಪೆಟ್ಟಿಗೆಯಂತೆ ಮುಚ್ಚಿಕೊಂಡು ಒಯ್ಯುವ ಅವರ ಹಳೆಯ ಎಲೆಕ್ಟ್ರಾನಿಕ್ ಆರ್ಗನ್ ನಿಮ್ಮ ಪಾಲಿಗೆ ಬಂದಿದೆ; ಅದನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳಬೇಕೇ ಅಥವಾ ಮಾರಿ ಹೊಸ ಕೀಬೋರ್ಡ್ ಕೊಳ್ಳಬೇಕೇ, ಮತ್ತು ಇಟ್ಟುಕೊಂಡರೆ ನಿಮ್ಮೂರಿನ ಸೋಮವಾರದ ಭಜನೆಗೆ ಅದು ಬಳಕೆಗೆ ಬರುತ್ತದೆಯೇ? ಮೇಲಿನ ಮುಚ್ಚಳ ತೆಗೆದು ಒಳಗೆ ನೋಡುವ ಮೊದಲು ಮಾರಬೇಡಿ ಎಂಬುದು ನನ್ನ ಉತ್ತರ. ಒಳಗೆ ಏನನ್ನು ನೋಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಕಲಬುರಗಿಯಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಹದಿನಾಲ್ಕು ವರ್ಷಗಳಿಂದ ನನ್ನಲ್ಲಿ ಅಂಥದ್ದೇ ಒಂದು ಆರ್ಗನ್, ಫಾರ್ಫಿಸಾ ಕಾಂಪ್ಯಾಕ್ಟ್, ಇದೆ. ಬೀದರಿನ ಆರ್ಕೆಸ್ಟ್ರಾದವರೊಬ್ಬರು ಅದನ್ನು ಮುಂಬೈಯ ಹೋಟೆಲ್ ಬ್ಯಾಂಡಿನವರಿಂದ ಕೊಂಡು ರೈಲಿನಲ್ಲಿ ತಂದಿದ್ದರಂತೆ. ನನ್ನ ಕೈಗೆ ಬಂದಾಗ ಅದರ ಅರ್ಧದಷ್ಟು ಮನೆಗಳು (ಬೆರಳಿನಿಂದ ಒತ್ತುವ ಕೀಗಳು) ಮೂಕವಾಗಿದ್ದವು, ಉಳಿದರ್ಧ ಗುಂಯ್‌ಗುಡುತ್ತಿದ್ದವು. ರಿಪೇರಿಗೆ ಸುರಿದ ಹಣ ಕೊಂಡ ಬೆಲೆಯನ್ನು ಎಂದೋ ದಾಟಿದೆ. ಆ ಲೆಕ್ಕವನ್ನು ಮನೆಯಲ್ಲಿ ಯಾರೂ ಕೇಳದಿರಲಿ ಎಂದು ನಾನೇ ಬರೆದಿಟ್ಟಿಲ್ಲ.

ಈ ಜಾತಿಯ ವಾದ್ಯಗಳ ಹಿನ್ನೆಲೆಯನ್ನು ತಿಳಿದರೆ ಒಳಗಿನ ರಚನೆ ಬೇಗ ಅರ್ಥವಾಗುತ್ತದೆ. 1947ರಲ್ಲಿ ಫ್ರಾನ್ಸಿನ ಕಾನ್‌ಸ್ಟಾಂಟ್ ಮಾರ್ಟಿನ್ ರೂಪಿಸಿದ ಕ್ಲಾವಿಯೋಲಿನ್ ಎಂಬ ಪುಟ್ಟ ವಾದ್ಯ ಹಳೆಯ ರೇಡಿಯೊಗಳಲ್ಲಿರುತ್ತಿದ್ದಂಥ ವಾಲ್ವುಗಳಿಂದ ನಡೆಯುತ್ತಿತ್ತು ಮತ್ತು ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. ನಮ್ಮ ಕಡೆಯ ಮದುವೆ ಮೆರವಣಿಗೆಗಳಲ್ಲಿ ಇಂದಿಗೂ ಬ್ಯಾಂಡಿನವರು ಊದುವ 1954ರ ‘ನಾಗಿನ್’ ಚಿತ್ರದ ಪುಂಗಿಯ ಧ್ವನಿ ಮೂಲದಲ್ಲಿ ಪುಂಗಿಯದಲ್ಲ, ಕಲ್ಯಾಣ್‌ಜಿಯವರು ಬಾರಿಸಿದ ಇದೇ ಕ್ಲಾವಿಯೋಲಿನ್ನಿನದು. ಟ್ರಾನ್ಸಿಸ್ಟರ್ ಅಗ್ಗವಾದ ಮೇಲೆ ಒಂದೇ ಸಲಕ್ಕೆ ಹಲವು ಸ್ವರ ನುಡಿಯುವ, ಆದರೂ ಹೊತ್ತೊಯ್ಯಬಹುದಾದ ಆರ್ಗನ್ ಸಾಧ್ಯವಾಯಿತು. ಇಂಗ್ಲೆಂಡಿನ ಡಾರ್ಟ್‌ಫರ್ಡ್‌ನಿಂದ 1962ರಲ್ಲಿ ವಾಕ್ಸ್ ಕಾಂಟಿನೆಂಟಲ್ ಬಂತು. ಇಟಲಿಯ ಫಾರ್ಫಿಸಾ ಕಂಪನಿಯ ಕಾಂಪ್ಯಾಕ್ಟ್ ಸರಣಿ 1964ರಲ್ಲಿ, ಜಪಾನಿನ ಯಮಹಾ ಕಂಪನಿಯ ವೈಸಿ ಸರಣಿ ಆ ದಶಕದ ಕೊನೆಯಲ್ಲಿ ಬಂದವು. ಫಾರ್ಫಿಸಾ ಎಂಬುದು ಅಕಾರ್ಡಿಯನ್ ಕಾರ್ಖಾನೆಗಳು 1946ರಲ್ಲಿ ಒಟ್ಟುಗೂಡಿ ಕಟ್ಟಿಕೊಂಡ ಸಂಸ್ಥೆಯ ಸಂಕ್ಷಿಪ್ತ ಹೆಸರು. ಅಕಾರ್ಡಿಯನ್ನೂ ನಮ್ಮ ಪೇಟಿಯೂ (ಹಾರ್ಮೋನಿಯಂ) ಗಾಳಿಗೆ ನಡುಗುವ ಲೋಹದ ನಾಲಗೆಗಳಿಂದಲೇ ನುಡಿಯುವುದರಿಂದ, ಆ ಆರ್ಗನ್ನು ನಮ್ಮ ಪೇಟಿಗೆ ದೂರದ ದಾಯಾದಿ ಎನ್ನಬಹುದು.

ಈಗ ಮುಚ್ಚಳ ತೆಗೆಯಿರಿ. ತೆಗೆಯುವ ಮೊದಲು ಪ್ಲಗ್ ಕಿತ್ತಿರಲಿ. ಒಂದರಂತೆ ಇನ್ನೊಂದಿರುವ ಹನ್ನೆರಡು ಬೋರ್ಡುಗಳು ಸಾಲಾಗಿ ನಿಂತಿದ್ದರೆ ನಿಮ್ಮ ಅದೃಷ್ಟ ಒಳ್ಳೆಯದು. ಷಡ್ಜದಿಂದ ನಿಷಾದದವರೆಗಿನ ಹನ್ನೆರಡು ಸ್ವರಗಳಿಗೆ ಒಂದೊಂದು ಬೋರ್ಡು. ಪ್ರತಿಯೊಂದರ ಮೇಲೂ ಆ ಸ್ವರದ ಅತ್ಯಂತ ಮೇಲಿನ ಸಪ್ತಕದ ನಾದವನ್ನು ಹುಟ್ಟಿಸುವ ಒಂದು ಆಸಿಲೇಟರ್ ಇರುತ್ತದೆ. ಅದರ ಕಂಪನಸಂಖ್ಯೆಯನ್ನು ಅರ್ಧ, ಮತ್ತೆ ಅರ್ಧ ಮಾಡುತ್ತ ಹೋಗುವ ಟ್ರಾನ್ಸಿಸ್ಟರ್ ಜೋಡಿಗಳು ಕೆಳಗಿನ ಸಪ್ತಕಗಳನ್ನು ಕೊಡುತ್ತವೆ. ರೋಗಪರೀಕ್ಷೆಯೂ ಇದರಿಂದಲೇ ಸುಲಭವಾಗುತ್ತದೆ. ಒಂದು ಸ್ವರ ಎಲ್ಲ ಸಪ್ತಕಗಳಲ್ಲೂ ಸತ್ತಿದ್ದರೆ ಆಸಿಲೇಟರ್ ಕೆಟ್ಟಿದೆ, ಮೇಲಿನವು ನುಡಿದು ಒಂದು ಹಂತದಿಂದ ಕೆಳಗೆ ಮೌನವಾಗಿದ್ದರೆ ಅಲ್ಲಿನ ಅರ್ಧಿಸುವ ಜೋಡಿ ಕೆಟ್ಟಿದೆ, ಅಲ್ಲೊಂದು ಇಲ್ಲೊಂದು ಮನೆ ಮಾತ್ರ ಮೂಕವಾಗಿದ್ದರೆ ಸ್ವರದ್ದೇನೂ ತಪ್ಪಿಲ್ಲ, ಮನೆಯ ಕೆಳಗಿನ ತಂತಿ ಸರಿಯಾಗಿ ತಾಗುತ್ತಿಲ್ಲ. ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ನನ್ನ ವಾದ್ಯವನ್ನು ಹತ್ತು ನಿಮಿಷ ಒತ್ತಿ ನೋಡಿ, “ಒಳಗ ಏನೂ ಸತ್ತಿಲ್ರಿ ಸರ, ಕಿಲುಬ್ ಹಿಡದದ ಅಷ್ಟ” ಎಂದಿದ್ದರು. ಬಹುಮಟ್ಟಿಗೆ ಅದು ನಿಜವೇ ಆಗಿತ್ತು.

ಹನ್ನೆರಡು ಬೋರ್ಡುಗಳ ಬದಲು ಒಂದೇ ದೊಡ್ಡ ಬೋರ್ಡಿನ ಮೇಲೆ ಒಂದು ಐಸಿ (ಚಿಪ್) ಕುಳಿತಿದ್ದರೆ ಅದು ಸ್ವಲ್ಪ ಈಚಿನ ಕಾಲದ್ದು. ಅಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಸಲ ಕಂಪಿಸುವ ಒಂದೇ ಮೂಲವನ್ನು ಬೇರೆ ಬೇರೆ ಪೂರ್ಣಸಂಖ್ಯೆಗಳಿಂದ ಭಾಗಿಸಿ ಹನ್ನೆರಡು ಸ್ವರಗಳನ್ನು ಪಡೆಯುತ್ತಾರೆ. ಅದು ಎಂದೂ ಅಪಸ್ವರವಾಗುವುದಿಲ್ಲ. ಆದರೆ ಒಂದೊಂದೇ ಸ್ವರವನ್ನು ಬೇರೆಯಾಗಿ ತಿದ್ದಲೂ ಬರುವುದಿಲ್ಲ. ಅಂಥದ್ದಾದರೆ, ಮಾವನವರ ನೆನಪಿಗೆಂದು ಇಟ್ಟುಕೊಳ್ಳುವುದು ಬೇರೆ ಮಾತು, ಭಜನೆಗಾಗಿ ಇಟ್ಟುಕೊಳ್ಳಲು ನಾನು ಹೇಳುವುದಿಲ್ಲ.

ಒಂದೊಂದೇ ಸ್ವರವನ್ನು ತಿದ್ದುವುದು ಅಷ್ಟು ಮುಖ್ಯವೇ ಎಂದು ನೀವು ಕೇಳಬಹುದು. ಹಾಡುವವರ ಜೊತೆಗೆ ಬಾರಿಸುವವನಿಗೆ ಅದಕ್ಕಿಂತ ಮುಖ್ಯವಾದದ್ದಿಲ್ಲ. ಅಂಗಡಿಯ ಕೀಬೋರ್ಡು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುತ್ತದೆ. ತಂಬೂರಿಯಿಂದ ತಾನಾಗಿ ಹೊಮ್ಮುವ ಗಂಧಾರ ಆ ಸಮಭಾಗದಲ್ಲಿ ಸಿಗುವುದಿಲ್ಲ. ಗಂಡಸರು ಹೆಚ್ಚಾಗಿ ಹಾಡುವ ಕಾಳಿ ಒಂದನ್ನು, ಎಂದರೆ ಮೊದಲ ಕಪ್ಪು ಮನೆಯನ್ನು, ಷಡ್ಜವಾಗಿ ಹಿಡಿಯೋಣ. ಷಡ್ಜ 277.2 ಹರ್ಟ್ಜ್ (ಎಂದರೆ ಸೆಕೆಂಡಿಗೆ ಅಷ್ಟು ಕಂಪನ) ಇದ್ದರೆ ಅದರೊಡನೆ 5:4ರ ಪ್ರಮಾಣದಲ್ಲಿ ಕೂಡುವ ಗಂಧಾರ 346.5 ಹರ್ಟ್ಜ್ ಇರಬೇಕು, ಕೀಬೋರ್ಡಿನದು 349.2 ಇರುತ್ತದೆ. ವ್ಯತ್ಯಾಸ ಮೂರು ಹರ್ಟ್ಜಿಗೂ ಕಡಿಮೆ ಎನಿಸಬಹುದು. ಆದರೆ ಪ್ರತಿ ನಾದದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪಿಸುವ ಉಪಸ್ವರಗಳೂ ನುಡಿಯುತ್ತವೆ; ಷಡ್ಜದ ಐದನೆಯ ಉಪಸ್ವರವೂ ಗಂಧಾರದ ನಾಲ್ಕನೆಯ ಉಪಸ್ವರವೂ ಒಂದೇ ಕಡೆ ಬಂದು ಬೀಳಬೇಕಾದವು. ಬೀಳದೆ ಹೋದಾಗ ಸೆಕೆಂಡಿಗೆ ಹನ್ನೊಂದು ಸಲ ಗುದ್ದಾಡುತ್ತವೆ. ಆರ್ಗನ್ನಿನ ನಾದದಲ್ಲಿ ಉಪಸ್ವರಗಳು ದಂಡಿಯಾಗಿರುವುದರಿಂದ ಆ ಗುದ್ದಾಟ ಕಿವಿಗೆ ಸ್ಪಷ್ಟವಾಗಿ ತಾಗುತ್ತದೆ. ಪಂಚಮದ ದೋಷ ಅಷ್ಟಿಲ್ಲ, ಸೆಕೆಂಡಿಗೆ ಒಂದು ಮೃದುವಾದ ಅಲೆ ಮಾತ್ರ.

ಇದು ಹಳೆಯ ತಕರಾರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸಾಂಗ್ಲಿಯ ದೇವಲ್ ಮತ್ತು ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಶುದ್ಧ ಪ್ರಮಾಣದ ಸ್ವರ ನುಡಿಯುವ ಶ್ರುತಿ ಹಾರ್ಮೋನಿಯಂ ಮಾಡಿಸಲು ಹೆಣಗಿದ್ದರು. ಆಕಾಶವಾಣಿಯಂತೂ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗೇ ಇಟ್ಟಿತ್ತು. ಪಂಡಿತ್ ಪ್ರಾಣನಾಥರ ಶಿಷ್ಯನಾಗಿ ಕಿರಾಣಾ ಘರಾಣೆಯ ಹಿಂದೂಸ್ತಾನಿ ಗಾಯನ ಕಲಿತ ಅಮೆರಿಕದ ಟೆರಿ ರೈಲಿ ತನ್ನ ಯಮಹಾ ವೈಸಿ-45ಡಿ ಆರ್ಗನ್ನನ್ನು ಸಮಭಾಗದಿಂದ ಬಿಡಿಸಿ 5:4ರಂಥ ಶುದ್ಧ ಪ್ರಮಾಣಗಳಿಗೆ ಶ್ರುತಿ ಕೂಡಿಸಿಕೊಂಡೇ ಬಾರಿಸಿದರು. ನಾನು ಮಾಡಿದ್ದೂ ಅದನ್ನೇ, ಅಷ್ಟು ದೊಡ್ಡ ಉದ್ದೇಶವಿಲ್ಲದೆ.

ಪ್ರತಿ ಬೋರ್ಡಿನ ಮೇಲಿನ ಕಾಯಿಲ್‌ನೊಳಗೆ ತಿರುಪಿನಂತೆ ತಿರುಗುವ ಫೆರೈಟ್ ತುಂಡು ಇರುತ್ತದೆ. ಅದನ್ನು ಕಬ್ಬಿಣದ ಸ್ಕ್ರೂಡ್ರೈವರಿನಿಂದ ತಿರುಗಿಸಬಾರದು. ಕಬ್ಬಿಣ ಹತ್ತಿರ ಬಂದರೇ ಸ್ವರ ಬದಲಾಗುತ್ತದೆ, ತೆಗೆದರೆ ಮತ್ತೆ ಬೇರೆಯಾಗುತ್ತದೆ. ನಾನು ಮನೆಯಾಕೆಯ ಪ್ಲಾಸ್ಟಿಕ್ ಹೆಣಿಗೆ ಕಡ್ಡಿಯೊಂದರ ತುದಿಯನ್ನು ಚಪ್ಪಟೆಯಾಗಿ ಕೆರೆದು ಬಳಸುತ್ತೇನೆ. ತುಂಡಿಗೆ ಮೇಣ ಹಾಕಿರುತ್ತಾರೆ. ಮೇಣವನ್ನು ಬೆಚ್ಚಗೆ ಮಾಡಿ ಸಡಿಲಿಸದೆ ಬಲವಂತ ಮಾಡಿದರೆ ಫೆರೈಟ್ ಸೀಮೆಸುಣ್ಣದಂತೆ ಮುರಿಯುತ್ತದೆ. ಷಡ್ಜವನ್ನು ತಂಬೂರಿಗೆ ಸೇರಿಸಿ, ಷಡ್ಜದಿಂದ ಪಂಚಮ, ಮಧ್ಯಮ, ಗಂಧಾರಗಳನ್ನು, ಪಂಚಮದಿಂದ ರಿಷಭವನ್ನು, ಗಂಧಾರದಿಂದ ನಿಷಾದವನ್ನು, ಮಧ್ಯಮದಿಂದ ಧೈವತವನ್ನು ಅಲೆಗಳು ನಿಲ್ಲುವವರೆಗೆ ಕೂಡಿಸುತ್ತ ಹೋಗಬೇಕು. ಕಣ್ಣು ಮೀಟರಿನ ಮೇಲೆ ಬೇಡ. ಮೊದಲ ಸಲ ಹೀಗೆ ಕೂಡಿಸಿದ ರಾತ್ರಿ ನಮ್ಮ ಓಣಿಯ ಪೇಟಿ ಮಾಸ್ತರರು ಬಂದಿದ್ದರು. ಅದಕ್ಕೂ ಮೊದಲು ಅವರು ಈ ವಾದ್ಯವನ್ನು ಕೇಳಿ, “ಗಂಧಾರ ಯಾಕೋ ಚುಚ್ಚತದಲ್ರಿ” ಎಂದು ಎದ್ದು ಹೋಗಿದ್ದವರು. ಈ ಸಲ ಷಡ್ಜ–ಗಂಧಾರಗಳನ್ನು ಒತ್ತಿ ಹಿಡಿದು ಕುಳಿತರು, ಬಹಳ ಹೊತ್ತು ಕೈ ತೆಗೆಯಲಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಹೀಗೆ ಕೂಡಿಸಿದ ವಾದ್ಯ ಒಂದೇ ಪಟ್ಟಿಗೆ, ಎಂದರೆ ಒಂದೇ ಷಡ್ಜಕ್ಕೆ, ಕಟ್ಟುಬಿದ್ದಿರುತ್ತದೆ. ರಿಷಭ–ಧೈವತಗಳನ್ನು ಒಟ್ಟಿಗೆ ಒತ್ತಿದರೆ ಊಳಿಡುತ್ತವೆ, ಆದ್ದರಿಂದ ಮಾವನವರು ಬಾರಿಸುತ್ತಿದ್ದ ಸಿನಿಮಾ ಹಾಡುಗಳ ಕಾರ್ಡುಗಳು (ಒಟ್ಟಿಗೆ ಒತ್ತುವ ಸ್ವರಗುಚ್ಛಗಳು) ಇದರಲ್ಲಿ ನಡೆಯುವುದಿಲ್ಲ. ಆದರೂ ಒಂದು ಅನುಕೂಲವಿದೆ: ಹೆಣ್ಣುಮಕ್ಕಳು ಹಾಡುವಾಗ ಷಡ್ಜವನ್ನು ಕಾಳಿ ನಾಲ್ಕಕ್ಕೆ, ಎಂದರೆ ಮೊದಲಿನ ಪಂಚಮಕ್ಕೆ, ಸರಿಸಿಕೊಂಡರೆ ಶುದ್ಧ ಸ್ವರಗಳಲ್ಲಿ ಕೆಡುವುದು ರಿಷಭ ಒಂದೇ (ತೀವ್ರ ಮಧ್ಯಮವನ್ನು ರಿಷಭದಿಂದ ಸರಿಯಾಗಿ ಕೂಡಿಸಿಟ್ಟಿರಬೇಕು, ಅಷ್ಟೆ). ಆ ಒಂದು ಸ್ವರವನ್ನು ಅದರ ಕಾಯಿಲ್‌ನಿಂದ ಸ್ವಲ್ಪ ಏರಿಸಿದರೆ ಕೆಲಸ ಮುಗಿಯಿತು. ಹೊಸ ಕೀಬೋರ್ಡುಗಳಲ್ಲೂ ಸ್ವರಗಳನ್ನು ಬಿಡಿಬಿಡಿಯಾಗಿ ತಿದ್ದುವ ಸೌಲಭ್ಯವಿರುವ ಮಾದರಿಗಳಿವೆ. ಅಂಥದ್ದನ್ನು ಕೊಳ್ಳುವ ಶಕ್ತಿ ನಿಮಗಿದ್ದು, ಬೆಸುಗೆ ಕೆಲಸದಲ್ಲಿ ಆಸಕ್ತಿ ಇಲ್ಲದಿದ್ದರೆ ಅದನ್ನೇ ಕೊಳ್ಳಿ, ನಾನು ತಡೆಯುವುದಿಲ್ಲ.

ರಿಪೇರಿಯ ವಿಷಯದಲ್ಲಿ ಮೊದಲ ಎಚ್ಚರ ಕರೆಂಟಿನದು. ವರ್ಷಗಟ್ಟಲೆ ಮೂಲೆಯಲ್ಲಿದ್ದ ವಾದ್ಯವನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ರಿಪೇರಿಯವರ ಬಳಿ ಇರುವ ಸೀರೀಸ್ ಬೋರ್ಡಿನಲ್ಲಿ 60 ವ್ಯಾಟಿನ ಹಳೆಯ ಬಲ್ಬಿನ ಮೂಲಕ ಮೊದಲು ಹಚ್ಚಿರಿ. ಬಲ್ಬು ಝಗ್ಗನೆ ಹತ್ತಿ ಹಾಗೆಯೇ ಉರಿದರೆ ಒಳಗೆ ಶಾರ್ಟ್ ಇದೆ. ಜಪಾನಿನೊಳಗೇ ಮಾರಲು ಮಾಡಿದ ವಾದ್ಯಗಳು 100 ವೋಲ್ಟಿನವು, ಅಮೆರಿಕದವು 110–120ರವು. ಹಿಂಬದಿಯ ಬರಹ ಓದದೆ ನಮ್ಮ 230 ವೋಲ್ಟಿಗೆ ಹಚ್ಚಿದರೆ ಟ್ರಾನ್ಸ್‌ಫಾರ್ಮರು ಹೋಗುತ್ತದೆ. ಎರಡು ಪಿನ್ನಿನ ವೈರ್ ಇದ್ದರೆ ಅರ್ಥಿಂಗ್ ಇರುವ ಮೂರು ಪಿನ್ನಿನದನ್ನು ಹಾಕಿಸಿ, ಪವರ್ ಸಪ್ಲೈನ ದೊಡ್ಡ ಕಂಡೆನ್ಸರುಗಳನ್ನು ಬದಲಿಸಿ. ಗುಂಯ್ ಎಂಬ ಸದ್ದು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ.

ಮನೆಗಳ ಕೆಳಗಿನ ಸಂಪರ್ಕ ತಂತಿಗಳ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಕಿಲುಬು ಬೇಗ ಹೋಗಲಿ ಎಂದು ಮೊದಲ ಬೇಸಿಗೆಯಲ್ಲಿ ನುಣುಪು ಪಾಲಿಶ್ ಪೇಪರಿನಿಂದ ಉಜ್ಜಿದೆ. ಎಲ್ಲ ಮನೆಗಳೂ ಕೂಡಲೇ ನುಡಿದವು, ನಾನು ಹಿಗ್ಗಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಉಜ್ಜಿದ ಕಡೆಯೆಲ್ಲ ಮೇಲಿನ ಲೇಪ ಹೋಗಿ, ಮೊದಲಿಗಿಂತ ಹೆಚ್ಚು ಕಿಲುಬು ಕಟ್ಟಿ, ಏಳು ಮನೆಗಳು ಮತ್ತೆ ಸತ್ತವು. ಆ ತಂತಿಗಳನ್ನು ಒಂದೊಂದಾಗಿ ಬದಲಿಸಲು ನನಗೆ ಒಂದು ಚಳಿಗಾಲ ಬೇಕಾಯಿತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ತಂತಿಯ ನಡುವೆ ಇಟ್ಟು, ಮನೆಯನ್ನು ಮೆಲ್ಲಗೆ ಒತ್ತಿ, ಪಟ್ಟಿಯನ್ನು ಎಳೆದರೆ ಸಾಕು. ಕಪ್ಪು ಗೆರೆ ಕಾಗದದ ಮೇಲೆ ಬರುತ್ತದೆ.

ಬಾರಿಸುವಾಗ ಪೇಟಿಯ ಅಭ್ಯಾಸ ಅರ್ಧ ಸಹಾಯ ಮಾಡುತ್ತದೆ, ಅರ್ಧ ಕೆಡಿಸುತ್ತದೆ. ಇಲ್ಲಿ ತಿದಿ ಇಲ್ಲ, ಬೆರಳಿನ ಭಾರಕ್ಕೂ ನಾದಕ್ಕೂ ಸಂಬಂಧವಿಲ್ಲ. ಮನೆ ಒತ್ತಿದೊಡನೆ ಸ್ವರ ಪೂರ್ತಿ ಬರುತ್ತದೆ, ಬಿಟ್ಟೊಡನೆ ಪೂರ್ತಿ ನಿಲ್ಲುತ್ತದೆ. ಉಸಿರು ಇರುವುದು ದನಿ ಏರಿಳಿಸುವ ಬಲಗಾಲಿನ ಪೆಡಲಿನಲ್ಲಿ. ಫಾರ್ಫಿಸಾದಲ್ಲಿ ಮೊಣಕಾಲಿಗೂ ಒಂದು ಸನ್ನೆಕೋಲು ಇದೆ, ಅದನ್ನು ಬದಿಗೆ ಸರಿಸಿದರೆ ನಾದ ಚುರುಕಾಗುತ್ತದೆ. ಭಜನೆಯಲ್ಲಿ ಅದನ್ನು ಮುಟ್ಟದಿರುವುದೇ ಮೇಲು. ಒಂದೇ ಮೂಲದಿಂದ ಹುಟ್ಟುವುದರಿಂದ ಮೂರು ಸಪ್ತಕಗಳ ಷಡ್ಜಗಳು ಒಂದಿನಿತೂ ಅಲುಗದೆ ಒಂದಾಗಿಬಿಡುತ್ತವೆ, ಎರಡು ಸಾಲು ಲೋಹದ ನಾಲಗೆಗಳಿರುವ ಪೇಟಿಯ ತುಂಬು ಇಲ್ಲಿ ಬರುವುದಿಲ್ಲ. ಹೀಗಾಗಿ ಹಾಡಿನ ಪ್ರತಿ ತಿರುವನ್ನೂ ಇದರಲ್ಲಿ ಹಿಂಬಾಲಿಸಲು ನಾನು ಹೋಗುವುದಿಲ್ಲ. ಮಂದ್ರದ ಷಡ್ಜ–ಪಂಚಮಗಳ ಪಕ್ಕದಲ್ಲಿ ಮಡಚಿದ ಪೋಸ್ಟ್‌ಕಾರ್ಡಿನ ತುಂಡು ಸಿಕ್ಕಿಸಿ ಅವನ್ನು ಒತ್ತಿದಂತೆಯೇ ನಿಲ್ಲಿಸಿ, ಮೇಲೆ ಬಲಗೈಯಿಂದ ಪಲ್ಲವಿಯ ಸಾಲನ್ನಷ್ಟೇ ಹಿಡಿಯುತ್ತೇನೆ. ವಚನ, ತತ್ವಪದಗಳಿಗೆ ಅದು ಒಪ್ಪುತ್ತದೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬೇಡುವ ಗಾಯನಕ್ಕೆ ಒಪ್ಪುವುದಿಲ್ಲ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜನವರಿಯಲ್ಲಿ ಕೂಡಿಸಿದ ಸ್ವರಗಳು ಮೇ ತಿಂಗಳ 42–43 ಡಿಗ್ರಿಯಲ್ಲಿ ಅದೇ ಜಾಗದಲ್ಲಿರುವುದಿಲ್ಲ, ಎಲ್ಲವೂ ಒಂದೇ ಪ್ರಮಾಣದಲ್ಲಿ ಸರಿಯುವುದೂ ಇಲ್ಲ. ಭಜನೆಗೆ ಅರ್ಧ ಗಂಟೆ ಮೊದಲೇ ಹಚ್ಚಿಟ್ಟು, ವಾದ್ಯ ಬೆಚ್ಚಗಾದ ಮೇಲೆ ಗಂಧಾರ, ಧೈವತ, ನಿಷಾದಗಳನ್ನು ಮಾತ್ರ ಒಮ್ಮೆ ಕೇಳಿ ನೋಡಿರಿ. ಮತ್ತು ದಯವಿಟ್ಟು ಅದನ್ನು ಟಂಟಂ ಆಟೊದಲ್ಲಿ ಒಯ್ಯಬೇಡಿ. ನಾನು ಒಮ್ಮೆ ಆಳಂದಕ್ಕೆ ಹಾಗೆ ಒಯ್ದು ಇಳಿಸಿದಾಗ ಹನ್ನೆರಡರಲ್ಲಿ ಮೂರು ಬೋರ್ಡುಗಳು ತಮ್ಮ ಸಾಕೆಟ್ ಬಿಟ್ಟು ಎದ್ದು ನಿಂತಿದ್ದವು; ಮಠದ ಜಗಲಿಯ ಮೇಲೆ ಟಾರ್ಚ್ ಹಿಡಿದು ಅವನ್ನು ಕೂರಿಸುವಷ್ಟರಲ್ಲಿ ಮಂಗಳಾರತಿ ಆಗಿಹೋಗಿತ್ತು.