ಉತ್ತರ: ಹೆಡ್ ಕೋಚ್‌ಗೆ ತಂತ್ರ ಮುಖ್ಯವೋ, ಹುಡುಗರನ್ನು ಕರೆತರುವುದೋ?

ನೀವು ಕೇಳಿದ್ದು ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಅಲ್ವಾ? ನನ್ನ ಪ್ರಕಾರ ಕರೆತರುವುದೇ ಮೊದಲು. ಇಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತರ ಡ್ರಾಫ್ಟ್, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ, ಇಲ್ಲ. ಹೈಸ್ಕೂಲು ಹುಡುಗನ ಮನೆಗೇ ಹೋಗಿ, ಅಪ್ಪ ಅಮ್ಮನ ಎದುರು ಕೂತು ನಂಬಿಕೆ ಗಳಿಸಬೇಕು. ನಾಲ್ಕೈದು ವರ್ಷಕ್ಕೆ ಅವನು ಹೊರಟುಬಿಡುತ್ತಾನೆ. ಮತ್ತೆ ಹೊಸಬರನ್ನು ಹುಡುಕಬೇಕು.

ಆದರೆ ಸುಮ್ನೆ ಕರೆತಂದರೆ ಸಾಲದು. ಅಲಬಾಮ ವಿಶ್ವವಿದ್ಯಾಲಯದ ತಂಡಕ್ಕೆ ಆರು ಸಲ ರಾಷ್ಟ್ರೀಯ ಪಟ್ಟ ಗೆಲ್ಲಿಸಿದ ಕೋಚ್ ನಿಕ್ ಸೇಬನ್ ಅವರನ್ನೇ ನೋಡಿ. 2018ರ ಜನವರಿಯ ರಾಷ್ಟ್ರೀಯ ಫೈನಲ್. ಅರ್ಧ ಆಟ ಮುಗಿದಾಗ ಎದುರಾಳಿ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡ 13–0 ಮುಂದಿತ್ತು. ಸೇಬನ್ ತಮ್ಮ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಮುಖ್ಯ ಆಟಗಾರ) ಜೇಲನ್ ಹರ್ಟ್ಸ್ ಅವರನ್ನು ಬೆಂಚಿನಲ್ಲಿ ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವಾ ಅವರನ್ನು ಇಳಿಸಿದರು. ಓವರ್‌ಟೈಮ್‌ನಲ್ಲಿ 26–23ರಿಂದ ಗೆದ್ದರು.

ಎಲ್ಲರೂ ಈ ಧೈರ್ಯವನ್ನೇ ಹೊಗಳುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವುದು ಆಮೇಲೆ ಆದದ್ದು. ಹರ್ಟ್ಸ್ ಆ ವರ್ಷ ತಂಡ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಅದೇ ಜಾರ್ಜಿಯಾ ವಿರುದ್ಧ, ಎರಡೂ ತಂಡಗಳು ಆಡುವ ಎಸ್‌ಇಸಿ ಎಂಬ ಪ್ರಾದೇಶಿಕ ಲೀಗ್‌ನ ಫೈನಲ್‌ನಲ್ಲಿ ಟುವಾ ಗಾಯಗೊಂಡರು. ಹರ್ಟ್ಸ್ ಇಳಿದು 35–28ರಿಂದ ಗೆಲ್ಲಿಸಿದರು! ಬೆಂಚಿನಲ್ಲಿ ಕೂತ ಹುಡುಗ ಅಷ್ಟು ತಯಾರಾಗಿರಬೇಕಾದರೆ, ಅವನನ್ನು ಪ್ರತಿ ವಾರವೂ ಲೆಕ್ಕಕ್ಕೆ ಇಟ್ಟುಕೊಂಡಿರಬೇಕು. ಒಳ್ಳೆ ಕೋಚ್ ಅಂದರೆ ನನಗೆ ಇದೇ.

ಸಹಾಯಕರ ಆಯ್ಕೆಯೂ ದೊಡ್ಡ ವಿಷಯ. ಆ ಎರಡೂ ಫೈನಲ್‌ಗಳಲ್ಲಿ ಎದುರು ನಿಂತಿದ್ದ ಜಾರ್ಜಿಯಾದ ಕೋಚ್ ಕರ್ಬಿ ಸ್ಮಾರ್ಟ್ ಸಹ ಸೇಬನ್ ಬಳಿಯೇ ಸಹಾಯಕರಾಗಿ ಪಳಗಿದವರು.

ಈಗಂತೂ ಆಟಗಾರರು ಕಾಲೇಜು ಬದಲಿಸುವುದು ಸುಲಭ. 2021ರಿಂದ ತಮ್ಮ ಹೆಸರನ್ನು ಜಾಹೀರಾತು ಮುಂತಾದವಕ್ಕೆ ಕೊಟ್ಟು ದುಡ್ಡನ್ನೂ ಮಾಡಬಹುದು. ಕರೆತಂದವರನ್ನು ಉಳಿಸಿಕೊಳ್ಳುವುದೇ ಈಗ ಕಷ್ಟದ ಕೆಲಸ.