ಲಿಯೋನೆ, ಅರ್ಜೆಂಟೊ ನೋಡಿ ಮುಗಿಸಿದ ಮೇಲೆ ಇಟಲಿಯ ಯಾವ ನಿರ್ದೇಶಕರನ್ನು ನೋಡಬೇಕು? ಯಾವ ಭಾಷೆಯಲ್ಲಿ ನೋಡಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಸೆರ್ಜಿಯೊ ಲಿಯೋನೆಯ ವೆಸ್ಟರ್ನ್‌ಗಳನ್ನೂ (ಕೌಬಾಯ್ ಚಿತ್ರಗಳನ್ನೂ) ದಾರಿಯೊ ಅರ್ಜೆಂಟೊನ ಥ್ರಿಲ್ಲರ್‌ಗಳನ್ನೂ ನೋಡಿಯಾದ ಮೇಲೆ ಹೆಚ್ಚು ಹೆಸರಾಗದ ಯಾರನ್ನು ನೋಡಬೇಕು ಎನ್ನುವುದು ಒಂದು. ಡಿಸ್ಕ್‌ನಲ್ಲಿ ಇಂಗ್ಲಿಷ್, ಇಟಾಲಿಯನ್ ಎರಡೂ ಇದ್ದರೆ ಯಾವುದು ಅಸಲಿ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಫೆರ್ನಾಂದೊ ದಿ ಲಿಯೊ ನಿರ್ದೇಶಿಸಿದ 1972ರ ‘ಮಿಲಾನೊ ಕಾಲಿಬ್ರೊ 9’ರಿಂದ ಶುರು ಮಾಡಿ. ಎರಡನೆಯದಕ್ಕೆ: ಬಹುಪಾಲು ಚಿತ್ರಗಳಿಗೆ ಅಸಲಿ ಭಾಷೆ ಅಂತ ಒಂದು ಇಲ್ಲವೇ ಇಲ್ಲ. ಯಾಕೆ ಅಂತ ತಿಳಿಯಬೇಕಾದರೆ ಆ ಸಿನಿಮಾಗಳು ಹೇಗೆ ತಯಾರಾಗುತ್ತಿದ್ದವು ಅಂತ ನೋಡಬೇಕು.

ಇಟಲಿಯವರು ಬಳಸುವ ಮಾತು ‘ಫಿಲೋನೆ’. ಗಣಿಯಲ್ಲಿ ಬಂಡೆಯೊಳಗೆ ಹಾಯ್ದುಹೋಗುವ ಅದಿರಿನ ಎಳೆಗೂ ಇದೇ ಹೆಸರು. ಒಂದು ಚಿತ್ರ ಗೆದ್ದರೆ ಎಲ್ಲರೂ ಅದೇ ಎಳೆ ಹಿಡಿದು ಅಗೆಯುತ್ತಾರೆ, ಅದಿರು ಮುಗಿದಾಗ ಬೇರೆ ಎಳೆ. 1958ರಲ್ಲಿ ಪಿಯೆತ್ರೊ ಫ್ರಾಂಚಿಶಿ ನಿರ್ದೇಶನದ ಹರ್ಕ್ಯುಲಿಸ್ ಚಿತ್ರ ಗೆದ್ದಿತು, ಪುರಾಣದ ಪೈಲ್ವಾನರ ಚಿತ್ರಗಳು ಸಾಲುಗಟ್ಟಿದವು. 1964ರಲ್ಲಿ ಲಿಯೋನೆ ಬಂದ ಮೇಲೆ ವೆಸ್ಟರ್ನ್. 1970ರಲ್ಲಿ ಅರ್ಜೆಂಟೊನಿಂದ ‘ಜಾಲ್ಲೊ’ ಎಂಬ ಕೊಲೆ-ರಹಸ್ಯದ ಥ್ರಿಲ್ಲರ್‌ಗಳಿಗೆ ರಭಸ ಬಂತು. ಜಾಲ್ಲೊ ಅಂದರೆ ಹಳದಿ. ಮೊಂದಾದೋರಿ ಪ್ರಕಾಶನ 1929ರಿಂದ ತಂದ ಪತ್ತೇದಾರಿ ಕಾದಂಬರಿಗಳ ರಟ್ಟು ಹಳದಿ, ಹೆಸರು ಬಂದದ್ದು ಅದರಿಂದ. ಅದರ ಬೆನ್ನಿಗೇ ಪೊಲೀಸ್ ಮತ್ತು ಗ್ಯಾಂಗ್‌ಸ್ಟರ್ ಚಿತ್ರಗಳು, 1979ರಿಂದ ಜಾಂಬಿಗಳು.

ಇಷ್ಟೊಂದು ಚಿತ್ರಗಳಿಗೆ ಹಣ ಹುಟ್ಟುತ್ತಿದ್ದದ್ದು ಸಣ್ಣ ಟಾಕೀಸುಗಳಿಂದ. 1955ರಲ್ಲಿ ಇಟಲಿಯಲ್ಲಿ ಸುಮಾರು 82 ಕೋಟಿ ಸಿನಿಮಾ ಟಿಕೆಟ್ ಮಾರಾಟವಾಗಿದ್ದವು. ದೊಡ್ಡ ಊರಿನ ಮೊದಲ ದರ್ಜೆ ಚಿತ್ರಮಂದಿರದಲ್ಲಿ ಓಡಿದ ಪ್ರಿಂಟು ಎರಡನೇ ದರ್ಜೆಗೆ, ಅಲ್ಲಿಂದ ಹಳ್ಳಿ-ಹೊರವಲಯದ ಮೂರನೇ ದರ್ಜೆಗೆ ಇಳಿಯುತ್ತಿತ್ತು. ಹಣ ನಿಧಾನಕ್ಕೆ, ಚಿಲ್ಲರೆಯಾಗಿ ವಾಪಸು ಬರುತ್ತಿತ್ತು. ಹಾಗಾಗಿ ಕಡಿಮೆ ಖರ್ಚು, ಬೇಗ ಶೂಟಿಂಗ್. ನಿರ್ದೇಶಕನಿಗೆ ವಿಷಯ ಆರಿಸುವ ಸ್ವಾತಂತ್ರ್ಯ ಇರಲಿಲ್ಲ. ಕೊಟ್ಟ ವಿಷಯದೊಳಗೆ ಹೇಗೆ ಬೇಕಾದರೂ ಕೆಲಸ ಮಾಡಬಹುದಿತ್ತು. ಒಳ್ಳೆಯವರು ಗೊತ್ತಾಗುವುದು ಅಲ್ಲೇ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ರಿಕಾರ್ದೊ ಫ್ರೆದಾ ನಿರ್ದೇಶಿಸಿದ ‘ಇ ವಾಂಪಿರಿ’ (1957) ಧ್ವನಿ ಬಂದ ಕಾಲದ ಇಟಲಿಯ ಮೊದಲ ಹಾರರ್ ಚಿತ್ರವೆಂದು ಹೆಸರಾದದ್ದು. ಫ್ರೆದಾ ನಡುವೆಯೇ ಬಿಟ್ಟುಹೋದಾಗ ಅದನ್ನು ಮುಗಿಸಿದವರು ಛಾಯಾಗ್ರಾಹಕ ಮಾರಿಯೊ ಬಾವಾ. ಅದರಲ್ಲಿ ನಟಿ ಜಾನ್ನಾ ಮರಿಯಾ ಕನಾಲೆಯ ಮುಖ ನಮ್ಮ ಕಣ್ಣೆದುರೇ, ಒಂದೇ ಶಾಟ್‌ನಲ್ಲಿ, ಮುದಿಯಾಗುತ್ತದೆ. ಮಾಡಿದ್ದು ಹೀಗೆ: ಸುಕ್ಕುಗಳನ್ನು ಕೆಂಪು ಬಣ್ಣದಲ್ಲಿ ಮೊದಲೇ ಬರೆದಿರುತ್ತಾರೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪು ಬೆಳಕು ಬಿದ್ದಾಗ ಚರ್ಮವೂ ಕೆಂಪು ಗೆರೆಯೂ ಒಂದೇ ಸಮ ಬೆಳ್ಳಗೆ ಕಾಣುತ್ತವೆ. ಕೆಂಪು ದೀಪವನ್ನು ಮೆಲ್ಲಗೆ ಇಳಿಸಿ ಹಸಿರನ್ನು ಏರಿಸಿದರೆ ಗೆರೆಗಳು ಕಪ್ಪಾಗಿ ಎದ್ದು ಬರುತ್ತವೆ. ಕ್ಯಾಮೆರಾ ನಿಲ್ಲಿಸುವಂತಿಲ್ಲ, ಕತ್ತರಿ ಬೇಕಿಲ್ಲ. ಕೆಡುವುದು ಎರಡು ಕಡೆ. ಒಂದು ದೀಪ ಇಳಿಯುವ ವೇಗಕ್ಕೆ ಇನ್ನೊಂದು ಏರದಿದ್ದರೆ ಇಡೀ ದೃಶ್ಯ ಮಂಕಾಗಿ ಗುಟ್ಟು ಬಯಲಾಗುತ್ತದೆ. ತುಟಿಯ ಕೆಂಪೂ ಜೊತೆಗೇ ಬದಲಾಗುವುದರಿಂದ ಅದನ್ನೂ ಮೊದಲೇ ಲೆಕ್ಕ ಹಾಕಬೇಕು. ಹಾಲಿವುಡ್‌ನಲ್ಲಿ ಇದನ್ನು 1931ರಲ್ಲೇ ಮಾಡಿದ್ದರು. ಆದರೆ ಬಡ ಬಜೆಟ್ಟಿನಲ್ಲಿ ಬಾವಾ ಅದನ್ನು ಮಾಡಿದ ನಯ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಆ ಚಿತ್ರ ಸರಿಯಾಗಿ ಓಡಲಿಲ್ಲ. ಪೋಸ್ಟರಿನಲ್ಲಿ ಇಟಲಿಯವರ ಹೆಸರು ಕಂಡರೆ ಜನ ಹಾರರ್‌ಗೆ ಬರುವುದಿಲ್ಲ ಎಂದು ಫ್ರೆದಾಗೆ ಅನ್ನಿಸಿತು. ಮುಂದಿನ ಹಾರರ್ ಚಿತ್ರಗಳಿಗೆ ಅವರು ರಾಬರ್ಟ್ ಹ್ಯಾಂಪ್ಟನ್ ಆದರು. ಆಂತೋನಿಯೊ ಮಾರ್ಗೆರಿತಿ ಆಂಥನಿ ಡಾಸನ್ ಆದರು, ಚಿತ್ರಕಥೆಗಾರ ಎರ್ನೆಸ್ತೊ ಗಾಸ್ತಾಲ್ದಿ ಜೂಲಿಯನ್ ಬೆರಿ ಆದರು, ಲಿಯೋನೆ ಕೂಡ 1964ರಲ್ಲಿ ಬಾಬ್ ರಾಬರ್ಟ್‌ಸನ್. ಈ ಮಂದಿ ಇಷ್ಟು ಕಾಲ ಮರೆಯಲ್ಲಿ ಉಳಿದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಆದ್ದರಿಂದ ಹುಡುಕುವಾಗ ನಿರ್ದೇಶಕನ ಹೆಸರಿಗಷ್ಟೇ ಜೋತುಬೀಳಬೇಡಿ, ಕ್ಯಾಮೆರಾ ಮತ್ತು ಚಿತ್ರಕಥೆಯ ಹೆಸರುಗಳನ್ನು ಹಿಂಬಾಲಿಸಿ. ಲಿಯೋನೆಯ ಮೊದಲ ವೆಸ್ಟರ್ನ್‌ನಲ್ಲಿ ‘ಜ್ಯಾಕ್ ಡಾಲ್ಮಸ್’ ಎಂಬ ಛಾಯಾಗ್ರಾಹಕ ಇದ್ದಾರಲ್ಲ, ಅವರು ಮಾಸ್ಸಿಮೊ ದಲ್ಲಾಮಾನೊ. 1972ರಲ್ಲಿ ‘ಕೋಜಾ ಅವೇತೆ ಫತ್ತೊ ಅ ಸೊಲಾಂಜ್?’ ನಿರ್ದೇಶಿಸಿದವರೂ ಅವರೇ. ಲಂಡನ್ನಿನ ಹುಡುಗಿಯರ ಶಾಲೆಯ ಸುತ್ತ ನಡೆಯುವ ಕೊಲೆಗಳ ಕಥೆ. ಕೊನೆಯಲ್ಲಿ ಕೊಲೆಗಾರ ಯಾರು ಅನ್ನುವುದಕ್ಕಿಂತ ಯಾಕೆ ಅನ್ನುವುದು ಎದೆ ಹಿಂಡುತ್ತದೆ.

ಇನ್ನು ದಿ ಲಿಯೊ. ‘ಮಿಲಾನೊ ಕಾಲಿಬ್ರೊ 9’, ‘ಲಾ ಮಾಲಾ ಓರ್ದಿನಾ’ (1972), ‘ಇಲ್ ಬಾಸ್’ (1973) ಮೂರನ್ನೂ ಒಟ್ಟಿಗೆ ನೋಡುವುದು ರೂಢಿ. ಮೊದಲನೆಯದರ ಆರಂಭವನ್ನೇ ನೋಡಿ. ಮಿಲಾನಿನ ದುವೊಮೊ ಚೌಕದಿಂದ ಒಂದು ಪೊಟ್ಟಣ ಹೊರಡುತ್ತದೆ, ಕೈಯಿಂದ ಕೈಗೆ ದಾಟುತ್ತದೆ, ಕೊನೆಗೆ ಬಿಚ್ಚಿದರೆ ಡಾಲರ್ ಬದಲು ಬಿಳಿ ಕಾಗದದ ಕಟ್ಟು. ಪೊಟ್ಟಣ ಮುಟ್ಟಿದವರಿಗೆ ಆಮೇಲೆ ಆಗುವ ಗತಿ ಭಯಂಕರ. ಲೂಯಿಸ್ ಬಕಾಲೊವ್ ಮತ್ತು ಓಸಾನ್ನಾ ಎಂಬ ರಾಕ್ ತಂಡದ ಸಂಗೀತ ಆ ಓಟವನ್ನು ಎಳೆದುಕೊಂಡು ಹೋಗುತ್ತದೆ. ನಡುನಡುವೆ ಇಬ್ಬರು ಪೊಲೀಸ್ ಅಧಿಕಾರಿಗಳು ಬಡತನ, ಅಪರಾಧ, ಕಾನೂನು ಅಂತ ವಾದಕ್ಕೆ ಕೂರುತ್ತಾರೆ. ಕೆಲವರಿಗೆ ಅದು ಎಳೆದಂತೆ ಅನ್ನಿಸುತ್ತದೆ. ನನಗೆ ಆ ಚಿತ್ರದ ಜೀವವೇ ಆ ವಾದ. ಅದರಿಂದಲೇ ಅದು 1972ರ ಇಟಲಿಗೆ ಅಂಟಿಕೊಂಡು ನಿಂತಿದೆ.

ವೆಸ್ಟರ್ನ್ ಇಷ್ಟವಾಗಿದ್ದರೆ ಸೆರ್ಜಿಯೊ ಸೊಲ್ಲಿಮಾ ನಿರ್ದೇಶಿಸಿದ ‘ಲಾ ರೇಸಾ ದೇಯಿ ಕೊಂತಿ’ (1966) ಮತ್ತು ‘ಫಾಚ್ಚಾ ಅ ಫಾಚ್ಚಾ’ (1967) ನೋಡಿ. ಕಬೀರ್ ಬೇಡಿಯನ್ನು ಇಟಲಿಯ ಮನೆಮಾತು ಮಾಡಿದ 1976ರ ‘ಸಂದೋಕಾನ್’ ಟಿವಿ ಸರಣಿಯ ನಿರ್ದೇಶಕರೂ ಇವರೇ. ಸೆರ್ಜಿಯೊ ಕೊರ್ಬುಚ್ಚಿ ನಿರ್ದೇಶನದ ‘ಇಲ್ ಗ್ರಾಂದೆ ಸಿಲೆಂತ್ಸಿಯೊ’ (1968) ಹಿಮದಲ್ಲಿ ನಡೆಯುವ ವೆಸ್ಟರ್ನ್, ನಾಯಕ ಮೂಗ. ಇದಕ್ಕೆ ಸುಖಾಂತ್ಯವೊಂದನ್ನೂ ಚಿತ್ರೀಕರಿಸಿದ್ದರು. ಚಿತ್ರದ ನಿಜವಾದ ಅಂತ್ಯ ನೋಡುವ ಮುಂಚೆ ದಯವಿಟ್ಟು ಅದನ್ನು ನೋಡಬೇಡಿ. ಆಲ್ದೊ ಲಾದೊ ನಿರ್ದೇಶಿಸಿದ ‘ಲಾ ಕೊರ್ತಾ ನೊತ್ತೆ ದೆಲ್ಲೆ ಬಾಂಬೊಲೆ ದಿ ವೇತ್ರೊ’ (1971) ಪ್ರಾಗ್‌ನ ಕಥೆ: ಹೆಣದ ಮೇಜಿನ ಮೇಲೆ ಅಲುಗಾಡಲಾಗದೆ ಮಲಗಿರುವ, ಆದರೆ ಇನ್ನೂ ಬದುಕಿರುವ ಒಬ್ಬ ಪತ್ರಕರ್ತ ನೆನಪು ಮಾಡಿಕೊಳ್ಳುತ್ತಾನೆ. ಪೂಪಿ ಅವಾತಿಯ 1976ರ ‘ಲಾ ಕಾಜಾ ದಾಲ್ಲೆ ಫಿನೆಸ್ತ್ರೆ ಕೆ ರೀದೊನೊ’ ಕತ್ತಲೆಯನ್ನು ನೆಚ್ಚದೆ, ಬಟಾಬಯಲಿನ ಬಿಸಿಲಿನಲ್ಲೇ ಹೆದರಿಸುತ್ತದೆ.

ಈಗ ಧ್ವನಿ. ಅಂದಿನ ಇಟಲಿಯಲ್ಲಿ ಶೂಟಿಂಗ್‌ನಲ್ಲಿ ಧ್ವನಿ ಹಿಡಿಯುತ್ತಲೇ ಇರಲಿಲ್ಲ, ಹಿಡಿದರೂ ಡಬ್ಬಿಂಗ್‌ಗೆ ದಾರಿ ತೋರಲು ಮಾತ್ರ. ಒಬ್ಬ ಇಂಗ್ಲಿಷಿನಲ್ಲಿ ಮಾತಾಡಿದರೆ ಎದುರಿನವಳು ಇಟಾಲಿಯನ್, ಪಕ್ಕದವನು ಸ್ಪ್ಯಾನಿಷ್. ಎಲ್ಲ ಭಾಷೆಯ ಧ್ವನಿಯೂ ಆಮೇಲೆ ಸ್ಟುಡಿಯೋದಲ್ಲಿ ಆದದ್ದೇ. ಬೇರೆ ಭಾಷೆಯ ನಾಯಕಿಗೆ ಕಂಠದಾನ ಕಲಾವಿದೆ ಮಾತು ಕೊಟ್ಟ ಕನ್ನಡ ಚಿತ್ರಗಳನ್ನು ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಆಯ್ಕೆಗೆ ಸುಲಭದ ಉಪಾಯ: ಮುಖ್ಯ ನಟರ ತುಟಿ ನೋಡಿ. ಲಿಯೋನೆ ಚಿತ್ರದಲ್ಲಿ ನಾಯಕ ನಟ ಕ್ಲಿಂಟ್ ಈಸ್ಟ್‌ವುಡ್ ಅವರ ಸ್ವಂತ ಧ್ವನಿ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಮಿಲಾನ್, ರೋಮ್ ಬೀದಿಗಳ ಪೊಲೀಸ್ ಚಿತ್ರಗಳಿಗೆ ಇಟಾಲಿಯನ್ನೇ ಸರಿ, ಇಂಗ್ಲಿಷಿನಲ್ಲಿ ಬೈಗುಳದ ಖಾರವೇ ಹೋಗಿಬಿಡುತ್ತದೆ.

ಪ್ರಿಂಟಿನ ವಿಷಯದಲ್ಲಿ ಎಚ್ಚರ ಬೇಕು. ಬಹಳಷ್ಟು ವೆಸ್ಟರ್ನ್‌ಗಳು ಟೆಕ್ನಿಸ್ಕೋಪ್ ಎಂಬ, ಫಿಲ್ಮ್ ಉಳಿಸುವ ಅಗಲ ಪರದೆಯ ವಿಧಾನದಲ್ಲಿ ತೆಗೆದವು. ಸಾಮಾನ್ಯ 35 ಎಂಎಂ ಫ್ರೇಮಿಗೆ ಅಂಚಿನ 4 ರಂಧ್ರದಷ್ಟು ಉದ್ದದ ಫಿಲ್ಮ್ ಬೇಕು, ಇದಕ್ಕೆ 2 ಸಾಕು. 1000 ಅಡಿ ರೀಲು 11 ನಿಮಿಷದ ಬದಲು 22 ನಿಮಿಷ ಬರುತ್ತದೆ, ಫಿಲ್ಮಿನ ಖರ್ಚು ಅರ್ಧ. ಆದರೆ ನೆಗೆಟಿವ್ ಫ್ರೇಮು ಚಿಕ್ಕದು. ಪ್ರಿಂಟಿಗೆ ಹಿಗ್ಗಿಸಿದಾಗ ಫಿಲ್ಮಿನ ಕಾಳು (ಗ್ರೇನ್) ಎದ್ದು ಕಾಣುತ್ತದೆ. ಅದು ದೋಷವಲ್ಲ. ಕಾಳು ಅಳಿಸಿ ಮುಖ ಮೇಣದಂತೆ ಮಾಡಿದ ಡಿಸ್ಕ್ ಕೊಳ್ಳಬೇಡಿ. 2.35:1 ಅಗಲದ ಚಿತ್ರವನ್ನು ಟಿವಿಯ 4:3ಕ್ಕೆ ಕತ್ತರಿಸಿದ್ದಂತೂ ಮುಟ್ಟಲೇಬೇಡಿ, ಪಕ್ಕದ ಪಾತ್ರಗಳೇ ಮಾಯ.

ಅವಧಿ ಕಡಿಮೆ ಕಂಡರೆ ಕತ್ತರಿ ಬಿದ್ದಿದೆ ಅಂತ ತಕ್ಷಣ ತೀರ್ಮಾನಿಸಬೇಡಿ. ಯುರೋಪಿನ ಹಳೆಯ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರ 25ರಲ್ಲಿ ಓಡುತ್ತದೆ, 100 ನಿಮಿಷದ್ದು 96 ಆಗುತ್ತದೆ. ಅದಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಅನುಮಾನ ಪಡಿ: ‘ಲಾ ರೇಸಾ ದೇಯಿ ಕೊಂತಿ’ ಇಟಲಿಯಲ್ಲಿ ಸುಮಾರು 110 ನಿಮಿಷ, ಅಮೆರಿಕದಲ್ಲಿ ಬಿಡುಗಡೆಯಾದದ್ದು ಹದಿನೈದು ನಿಮಿಷದಷ್ಟು ಮೊಟಕು. ಕೊಳ್ಳುವ ಮುಂಚೆ ಇನ್ನೊಂದು ಪರೀಕ್ಷೆ: ಇಟಾಲಿಯನ್ ಧ್ವನಿ ಹಾಕಿ, ಸಬ್‌ಟೈಟಲ್ ಹಚ್ಚಿ, ಎರಡು ನಿಮಿಷದ ಮಾತಿನ ದೃಶ್ಯ ನೋಡಿ, ಅದೇ ದೃಶ್ಯವನ್ನು ಇಂಗ್ಲಿಷ್ ಧ್ವನಿಯಲ್ಲಿ ಮತ್ತೆ ಕೇಳಿ. ಸಬ್‌ಟೈಟಲ್ ಇಂಗ್ಲಿಷ್ ಡಬ್ಬಿಂಗ್‌ಗೆ ಪದಕ್ಕೆ ಪದ ಹೊಂದಿದರೆ ಅದು ಇಟಾಲಿಯನ್ ಮಾತಿನ ಅನುವಾದವಲ್ಲ, ಬೇರೆ ಆವೃತ್ತಿ ಹುಡುಕಿ.