ಪ್ರತಿಕ್ರಿಯೆ: ಸೀತಾ, ಸ್ವರ್ಣಾ ತೊರೆಗಳ ಏಡಿಗಳು ನೆಂಟರೇ?

ಉಡುಪಿಯ ಸೀತಾ ಮತ್ತು ಸ್ವರ್ಣಾ ಕೋಡಿ ಬೆಂಗ್ರೆಯಲ್ಲಿ ಒಟ್ಟಿಗೆ ಕಡಲು ಸೇರುತ್ತವೆ, ಹಾಗಾದರೆ ಮೇಲಿನ ತೊರೆಗಳ ಏಡಿಗಳೂ ಬೆರೆಯುತ್ತವೆಯೇ ಎಂದು ಕೇಳಿದ್ದೀರಿ. ಅದು ಕಷ್ಟ. ಸಿಹಿನೀರಿನ ಏಡಿಗೆ ತೇಲಾಡುವ ಲಾರ್ವಾ (ದೊಡ್ಡದರಂತೆ ಕಾಣದ ಮೊದಲ ಮರಿರೂಪ) ಹಂತವೇ ಇಲ್ಲ. ತಾಯಿಯ ಹೊಟ್ಟೆಯಡಿಯ ಮೊಟ್ಟೆಗಳಿಂದ ನೇರವಾಗಿ ಪುಟ್ಟ ಏಡಿಗಳೇ ಹೊರಬರುತ್ತವೆ. ಎಷ್ಟು ಚಂದ, ಅಲ್ವಾ? ಆದರೆ ಆ ಮರಿಗಳು ದೂರ ಹೋಗುವುದಿಲ್ಲ. ಹಾಗಾಗಿ ತೊರೆಯಿಂದ ತೊರೆಗೆ ಡಿಎನ್‌ಎ ಬೇರೆಯಾಗುವ ಸಾಧ್ಯತೆ ಜಾಸ್ತಿ.

ಸಿಹಿನೀರಿನ ದೊಡ್ಡ ಸಿಗಡಿಯಾದ ಸ್ಕ್ಯಾಂಪಿಯ ಕಥೆ ಬೇರೆ. ಅದರ ಲಾರ್ವಾಗಳಿಗೆ ಉಪ್ಪು ಬೆರೆತ ನೀರು ಬೇಕೇ ಬೇಕು. ಅಳಿವೆಯಲ್ಲಿ ಬೆಳೆದ ಮರಿ ಯಾವ ನದಿಗಾದರೂ ಏರಬಹುದು. ತೊರೆಯಲ್ಲಿ ಬೆಳೆಯುವ ಮೇಫ್ಲೈ ಎಂಬ ಕೀಟಕ್ಕೆ ರೆಕ್ಕೆಯಿದೆ, ಪಕ್ಕದ ತೊರೆಗೆ ಹಾರಬಹುದು; ಆದರೆ ರೆಕ್ಕೆ ಬಂದ ಮೇಲೆ ಆಯುಸ್ಸು ಕಡಿಮೆ.

ಏಡಿಗಳ ಡಿಎನ್‌ಎ ಹೋಲಿಸಲು ಸ್ಯಾಂಪಲ್ ತೆಗೆಯುವಾಗ ಒಂದೇ ಕಲ್ಲಿನಡಿಯಿಂದ ಸುಮ್ನೆ ಹತ್ತು ಏಡಿ ಹಿಡಿಯಬೇಡಿ. ಅವು ಒಡಹುಟ್ಟಿದವೇ ಆಗಿರಬಹುದು. ಕಾಲಿನ ತುದಿ ಸಾಕು, ಅದು ಮತ್ತೆ ಬೆಳೆಯುತ್ತದೆ. ದಯವಿಟ್ಟು ಏಡಿಯನ್ನು ಅಲ್ಲೇ ಬಿಟ್ಟುಬಿಡಿ.